ಜೆಲ್ ನೇಲ್ ಪಾಲಿಶ್ ಲೇಪನ: ಹೊಸದಾಗಿ ಕಲಿಯುವವರು ವೇಗ ಮತ್ತು ಬಾಳಿಕೆ ಸಾಧಿಸುವ ಬಗೆ

ಸೌಂದರ್ಯ ಸೇವೆಯಲ್ಲಿ ಸ್ವಯಂ ಉದ್ಯೋಗ ಕೈಗೊಳ್ಳಲು ತರಬೇತಿ, ಸಾಲ ಹಾಗೂ ಪರವಾನಗಿಗಾಗಿ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ

1. ಪೀಠಿಕೆ

ಬ್ಯೂಟಿ ಪಾರ್ಲರ್ ಉದ್ಯೋಗವು ಕಡಿಮೆ ಬಂಡವಾಳದಲ್ಲಿ, ಮನೆಯ ಒಂದು ಕೊಠಡಿಯಲ್ಲಿಯೇ ಆರಂಭಿಸಬಹುದಾದ ಸ್ವಯಂ ಉದ್ಯೋಗಗಳಲ್ಲಿ ಒಂದಾಗಿದೆ. ಹುಬ್ಬು ತಿದ್ದುವುದು, ಫೇಶಿಯಲ್, ಕೇಶಾಲಂಕಾರ, ಮದರಂಗಿ ಹಾಗೂ ವಧುವಿನ ಅಲಂಕಾರಗಳ ಜೊತೆಗೆ ಈಚಿನ ವರ್ಷಗಳಲ್ಲಿ ಗ್ರಾಹಕರು ಜೆಲ್ ನೇಲ್ ಪಾಲಿಶ್ ಸೇವೆಯನ್ನೂ ಕೇಳುತ್ತಿದ್ದಾರೆ. ಅಮೆರಿಕದ ಸಿ.ಎನ್.ಡಿ. ಕಂಪನಿಯು 2010ರಲ್ಲಿ 'ಶೆಲ್ಯಾಕ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಉತ್ಪನ್ನದ ನಂತರ, ಬಾಟಲಿಯಿಂದ ಬ್ರಷ್‌ನಲ್ಲಿ ನೇರವಾಗಿ ಹಚ್ಚುವ ಜೆಲ್ ಪಾಲಿಶ್ ಜಗತ್ತಿನಾದ್ಯಂತ ಬಳಕೆಗೆ ಬಂದಿತು.

ಹೊಸದಾಗಿ ಈ ಕೆಲಸ ಕಲಿತವರಿಂದ ಸಾಮಾನ್ಯವಾಗಿ ಎರಡು ದೂರುಗಳು ಕೇಳಿಬರುತ್ತವೆ. ಒಂದು, ಎರಡೂ ಕೈಗಳಿಗೆ ಲೇಪನ ಮುಗಿಸಲು ಒಂದೂವರೆ, ಎರಡು ಗಂಟೆ ಹಿಡಿಯುತ್ತದೆ ಎಂಬುದು. ಎರಡು, ಅಷ್ಟು ಶ್ರಮಪಟ್ಟರೂ ಮೂರು, ನಾಲ್ಕು ದಿನಗಳಲ್ಲಿ ಪಾಲಿಶ್ ಚಕ್ಕೆ ಏಳುತ್ತದೆ ಎಂಬುದು. ಮದುವೆಯ ದಿನಗಳಲ್ಲಿ ಒಬ್ಬ ಗ್ರಾಹಕರಿಗೆ ಎರಡು ಗಂಟೆ ವ್ಯಯಿಸಿದರೆ ಉಳಿದವರು ಬೇರೆಡೆಗೆ ಹೋಗುತ್ತಾರೆ. ಚಕ್ಕೆ ಎದ್ದ ಪಾಲಿಶ್ಅನ್ನು ಉಚಿತವಾಗಿ ಮತ್ತೆ ಹಚ್ಚಿಕೊಡಬೇಕಾದರೆ ಸಾಮಗ್ರಿಯ ಖರ್ಚು ಇಮ್ಮಡಿಯಾಗುತ್ತದೆ. ಸಾಲ ಪಡೆದು ಉದ್ಯೋಗ ಆರಂಭಿಸಿದವರಿಗೆ ಇದು ಕಂತು ಕಟ್ಟುವ ಸಾಮರ್ಥ್ಯದ ಪ್ರಶ್ನೆಯೂ ಹೌದು.

ಈ ಎರಡು ದೂರುಗಳಿಗೂ ಬಹುಪಾಲು ಕಾರಣ ಒಂದೇ ಆಗಿರುತ್ತದೆ. ಪೂರ್ವಸಿದ್ಧತೆಯಲ್ಲಿ ಅವಸರ ಮಾಡಿ, ಲೇಪನದಲ್ಲಿ ತಡಮಾಡುವುದೇ ಆ ಕಾರಣ. ದಪ್ಪನೆಯ ಪದರ ಹಚ್ಚಿದಾಗ ಅದು ಚರ್ಮದ ಮೇಲೆ ಹರಿಯುತ್ತದೆ. ಹರಿದದ್ದನ್ನು ಒರೆಸುವುದರಲ್ಲಿ ಸಮಯ ಹೋಗುತ್ತದೆ. ಒಳಭಾಗ ಗಟ್ಟಿಯಾಗದೆ ಪಾಲಿಶ್ ಬೇಗ ಏಳುತ್ತದೆ. ಆದುದರಿಂದ ವೇಗ ಮತ್ತು ಬಾಳಿಕೆ ಪರಸ್ಪರ ವಿರುದ್ಧವಾದವುಗಳಲ್ಲ. ಸರಿಯಾದ ಕ್ರಮವನ್ನು ಅನುಸರಿಸಿದಲ್ಲಿ ಎರಡೂ ಒಟ್ಟಿಗೆ ದೊರೆಯುತ್ತವೆ. ಜೊತೆಗೆ, ಗ್ರಾಹಕರ ಮತ್ತು ಸೇವೆ ನೀಡುವವರ ಆರೋಗ್ಯವೂ ಇದೇ ಕ್ರಮವನ್ನು ಅವಲಂಬಿಸಿರುವುದರಿಂದ ಈ ಪುಟದ 6ನೇ ಭಾಗವನ್ನು ಎಲ್ಲರೂ ತಪ್ಪದೆ ಓದಬೇಕೆಂದು ಕೋರಲಾಗಿದೆ.

2. ಜೆಲ್ ಪಾಲಿಶ್ ಗಟ್ಟಿಯಾಗುವ ಬಗೆ

ಸಾಧಾರಣ ನೇಲ್ ಪಾಲಿಶ್‌ನಲ್ಲಿರುವ ದ್ರಾವಕವು ಗಾಳಿಗೆ ಆವಿಯಾಗಿ ಪಾಲಿಶ್ ಒಣಗುತ್ತದೆ. ಜೆಲ್ ಪಾಲಿಶ್ ಹೀಗೆ ಒಣಗುವುದಿಲ್ಲ. ಅದರಲ್ಲಿ ಅಕ್ರಿಲೇಟ್ ಹಾಗೂ ಮೆಥಾಕ್ರಿಲೇಟ್ ವರ್ಗಕ್ಕೆ ಸೇರಿದ ಸಣ್ಣ ಅಣುಗಳೂ, ಬೆಳಕಿಗೆ ಪ್ರತಿಕ್ರಿಯಿಸುವ ಪ್ರಚೋದಕ ವಸ್ತುವೂ ಇರುತ್ತವೆ. ದೀಪದ ಅತಿನೇರಳೆ ಕಿರಣ ಬಿದ್ದಾಗ ಪ್ರಚೋದಕವು ಕ್ರಿಯೆಯನ್ನು ಆರಂಭಿಸಿ, ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾದ ಪ್ಲಾಸ್ಟಿಕ್ ಪದರವಾಗುತ್ತವೆ. ಇದನ್ನೇ 'ಕ್ಯೂರ್' ಆಗುವುದು ಎನ್ನಲಾಗುತ್ತದೆ. ಇದರಿಂದ ಕೆಳಕಂಡ ನಾಲ್ಕು ಅಂಶಗಳು ಸ್ಪಷ್ಟವಾಗುತ್ತವೆ.

(ಅ) ಬೆಳಕು ತಲುಪದ ಭಾಗ ಗಟ್ಟಿಯಾಗುವುದಿಲ್ಲ. ಕಪ್ಪು, ಕಡುಗೆಂಪು, ಕಡುನೀಲಿ ಹಾಗೂ ಅಚ್ಚ ಬಿಳಿ ಬಣ್ಣಗಳು ಬೆಳಕನ್ನು ಹೆಚ್ಚು ತಡೆಯುತ್ತವೆ. ಆದುದರಿಂದ ಈ ಬಣ್ಣಗಳನ್ನು ಇನ್ನೂ ತೆಳುವಾಗಿ ಹಚ್ಚಬೇಕು.

(ಆ) ಮೇಲ್ಭಾಗ ಗಟ್ಟಿಯಾಗಿ ಕಂಡರೂ ಒಳಭಾಗ ಹಸಿಯಾಗಿರಬಹುದು. ಬೆರಳಿನಿಂದ ಮುಟ್ಟಿ ನೋಡಿ ಇದನ್ನು ತಿಳಿಯಲಾಗುವುದಿಲ್ಲ.

(ಇ) ಗಾಳಿಯಲ್ಲಿರುವ ಆಮ್ಲಜನಕವು ಮೇಲಿನ ತೆಳು ಪದರದಲ್ಲಿ ಈ ಕ್ರಿಯೆಯನ್ನು ತಡೆಯುವುದರಿಂದ, ಕ್ಯೂರ್ ಆದ ನಂತರವೂ ಮೇಲ್ಮೈ ಸ್ವಲ್ಪ ಅಂಟಂಟಾಗಿರುತ್ತದೆ. ಇದು ದೋಷವಲ್ಲ. ಮುಂದಿನ ಪದರ ಇದರ ಮೇಲೆ ಚೆನ್ನಾಗಿ ಕೂರುತ್ತದೆ. ಟಾಪ್ ಕೋಟ್ ಹಾಕಿದ ನಂತರ ಮಾತ್ರ ಇದನ್ನು ಒರೆಸಬೇಕು.

(ಈ) ಬಿಸಿಲಿನಲ್ಲಿಯೂ ಅತಿನೇರಳೆ ಕಿರಣಗಳಿರುವುದರಿಂದ ಕಿಟಕಿಯ ಪಕ್ಕದಲ್ಲಿ ತೆರೆದಿಟ್ಟ ಬಾಟಲಿಯೂ ಬ್ರಷ್ಷೂ ಗಟ್ಟಿಯಾಗುತ್ತವೆ. ಕೆಲಸದ ಮೇಜನ್ನು ನೇರ ಬಿಸಿಲಿನಿಂದ ದೂರವಿಡಬೇಕು.

3. ಅಗತ್ಯ ಸಾಮಗ್ರಿ ಮತ್ತು ಖರೀದಿಯ ಎಚ್ಚರಿಕೆ

ಆರಂಭದಲ್ಲಿ ಹತ್ತಾರು ಬಣ್ಣಗಳನ್ನು ಕೊಳ್ಳುವ ಅಗತ್ಯವಿಲ್ಲ. ಬೇಸ್ ಕೋಟ್, ಟಾಪ್ ಕೋಟ್, ಐದಾರು ಬಣ್ಣಗಳು, ಕ್ಯೂರ್ ಮಾಡುವ ದೀಪ, ಉಗುರು ಫೈಲ್, ಮೃದುವಾದ ಬಫರ್, ಕ್ಯುಟಿಕಲ್ ಪುಷರ್, ಎಳೆ ಬಿಡದ ಒರೆಸುವ ತುಂಡುಗಳು, ಐಸೊಪ್ರೊಪೈಲ್ ಆಲ್ಕೊಹಾಲ್, ಅಸಿಟೋನ್ ಮತ್ತು ನೈಟ್ರೈಲ್ ಕೈಗವಸು ಇದ್ದರೆ ಸಾಕು. ಹತ್ತಿಯ ಎಳೆ ಉಗುರಿಗೆ ಅಂಟಿಕೊಳ್ಳುವುದರಿಂದ ಶುಚಿ ಮಾಡಲು ಸಾಧಾರಣ ಹತ್ತಿಯನ್ನು ಬಳಸದಿರುವುದು ಒಳಿತು.

ಬೇಸ್ ಕೋಟ್, ಬಣ್ಣ, ಟಾಪ್ ಕೋಟ್ ಮತ್ತು ದೀಪವನ್ನು ಸಾಧ್ಯವಾದಷ್ಟು ಒಂದೇ ತಯಾರಕರಿಂದ ಪಡೆಯಬೇಕು. ಪ್ರತಿಯೊಂದು ಜೆಲ್ ನಿರ್ದಿಷ್ಟ ತರಂಗಾಂತರದ, ನಿರ್ದಿಷ್ಟ ತೀವ್ರತೆಯ ಬೆಳಕಿಗೆ ಹೊಂದುವಂತೆ ತಯಾರಾಗಿರುತ್ತದೆ. ಹಳೆಯ ಮಾದರಿಯ ಟ್ಯೂಬ್ ದೀಪಗಳು ಸುಮಾರು 365 ನ್ಯಾನೊಮೀಟರ್ ಆಸುಪಾಸಿನ ಕಿರಣಗಳನ್ನು ನೀಡಿದರೆ, ಈಗಿನ ಬಹುತೇಕ ಎಲ್.ಇ.ಡಿ. ದೀಪಗಳು 365 ಮತ್ತು 405 ನ್ಯಾನೊಮೀಟರ್ ಕಿರಣಗಳನ್ನು ಒಟ್ಟಿಗೆ ನೀಡುತ್ತವೆ. ಪೆಟ್ಟಿಗೆಯ ಮೇಲೆ ಹೆಚ್ಚು ವ್ಯಾಟ್ ಎಂದು ನಮೂದಿಸಿದ ಮಾತ್ರಕ್ಕೆ ಆ ದೀಪವು ನಿಮ್ಮ ಬಳಿಯಿರುವ ಜೆಲ್‌ಗೆ ಸೂಕ್ತವೆಂದು ಭಾವಿಸಬಾರದು.

ಭಾರತದಲ್ಲಿ ಸೌಂದರ್ಯವರ್ಧಕಗಳಿಗೆ ಕಾಸ್ಮೆಟಿಕ್ಸ್ ನಿಯಮಗಳು, 2020 ಅನ್ವಯವಾಗುತ್ತವೆ. ಬಾಟಲಿ ಅಥವಾ ಪೆಟ್ಟಿಗೆಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಹಾಗೂ ಒಳಗೊಂಡ ವಸ್ತುಗಳ ಪಟ್ಟಿ ಇದೆಯೇ ಎಂದು ನೋಡಿಕೊಳ್ಳಬೇಕು. ದೇಶದಲ್ಲಿ ತಯಾರಾದುದಕ್ಕೆ ತಯಾರಿಕಾ ಲೈಸೆನ್ಸ್ ಸಂಖ್ಯೆ, ಆಮದಾದುದಕ್ಕೆ ನೋಂದಣಿ ಪ್ರಮಾಣಪತ್ರದ ಸಂಖ್ಯೆ ಇರಬೇಕು. ಲೇಬಲ್ ಇಲ್ಲದ, ಬಿಡಿಯಾಗಿ ತುಂಬಿಸಿ ಮಾರುವ ಜೆಲ್‌ಅನ್ನು ಬೆಲೆ ಕಡಿಮೆಯೆಂದು ಕೊಳ್ಳಬಾರದು. ಖರೀದಿಯ ರಸೀದಿಯನ್ನು ಕಡ್ಡಾಯವಾಗಿ ಪಡೆದು ಇಟ್ಟುಕೊಳ್ಳಬೇಕು.

4. ಲೇಪನದ ಹಂತಗಳು

ಹಂತ 1: ಪರೀಕ್ಷೆ. ಗ್ರಾಹಕರ ಉಗುರುಗಳನ್ನು ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಉಗುರು ಹಳದಿಗಟ್ಟಿ ದಪ್ಪನಾಗಿದ್ದರೆ, ಹಸಿರು ಅಥವಾ ಕಪ್ಪು ಕಲೆಯಿದ್ದರೆ, ಬುಡದಿಂದ ಬಿಟ್ಟುಕೊಂಡಿದ್ದರೆ, ಸುತ್ತಲಿನ ಚರ್ಮ ಬಾತಿದ್ದರೆ ಲೇಪನ ಮಾಡದೆ ಚರ್ಮರೋಗ ತಜ್ಞರನ್ನು ಕಾಣುವಂತೆ ತಿಳಿಸಬೇಕು. ಪಾಲಿಶ್‌ನಿಂದ ಮುಚ್ಚಿದ ರೋಗ ವಾಸಿಯಾಗುವುದಿಲ್ಲ.

ಹಂತ 2: ಕೈ ತೊಳೆಯುವುದು. ಸಾಬೂನಿನಿಂದ ಕೈ ತೊಳೆದು ಪೂರ್ತಿಯಾಗಿ ಒಣಗಿಸಬೇಕು. ನಮ್ಮಲ್ಲಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಇರುವುದರಿಂದ ಬೆರಳುಗಳಲ್ಲಿ ಕಣ್ಣಿಗೆ ಕಾಣದ ಜಿಡ್ಡು ಉಳಿದಿರುತ್ತದೆ. ಜೆಲ್‌ನ ಹಿಡಿತವನ್ನು ಕೆಡಿಸುವಲ್ಲಿ ಈ ಜಿಡ್ಡಿನ ಪಾತ್ರ ದೊಡ್ಡದು. ಉಗುರನ್ನು ಬಹಳ ಹೊತ್ತು ನೀರಿನಲ್ಲಿ ನೆನೆಸಬಾರದು. ನೀರು ಹೀರಿದ ಉಗುರು ಹಿಗ್ಗಿ, ಒಣಗುವಾಗ ಮತ್ತೆ ಕುಗ್ಗುವುದರಿಂದ ಮೇಲಿನ ಪದರ ಸಡಿಲವಾಗುತ್ತದೆ.

ಹಂತ 3: ಆಕಾರ ಮತ್ತು ಕ್ಯುಟಿಕಲ್. ಉಗುರಿಗೆ ಆಕಾರ ಕೊಟ್ಟ ನಂತರ, ಬುಡದಲ್ಲಿ ಉಗುರಿನ ಮೇಲೆ ತೆಳುವಾಗಿ ಅಂಟಿಕೊಂಡಿರುವ ಸತ್ತ ಚರ್ಮವನ್ನು ಪುಷರ್‌ನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿ ತೆಗೆಯಬೇಕು. ಈ ಸತ್ತ ಚರ್ಮದ ಮೇಲೆ ಕುಳಿತ ಜೆಲ್, ಚರ್ಮ ಬಿಟ್ಟಾಗ ತಾನೂ ಬಿಡುತ್ತದೆ. ಜೀವಂತ ಚರ್ಮವನ್ನು ಕತ್ತರಿಸಬಾರದು. ಅದು ಸೋಂಕನ್ನು ತಡೆಯುವ ಕವಚವಾಗಿದೆ. ಮಧುಮೇಹ ಇರುವವರ ವಿಷಯದಲ್ಲಿ ಇದು ವಿಶೇಷವಾಗಿ ಅನ್ವಯಿಸುತ್ತದೆ.

ಹಂತ 4: ಹೊಳಪು ತೆಗೆಯುವುದು. ಮೃದುವಾದ ಬಫರ್‌ನಿಂದ ಉಗುರಿನ ಮೇಲ್ಮೈಯ ಹೊಳಪು ಹೋಗುವಷ್ಟು ಮಾತ್ರ ಹಗುರವಾಗಿ ಉಜ್ಜಬೇಕು. ಬುಡ ಮತ್ತು ಎರಡು ಪಕ್ಕಗಳಲ್ಲಿ ಹೊಳಪು ಉಳಿಯದಂತೆ ನೋಡಿಕೊಳ್ಳಬೇಕು. ಹೆಚ್ಚು ಉಜ್ಜಿದರೆ ಹಿಡಿತ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ತೆಳುವಾದ ಉಗುರು ಬಾಗುತ್ತದೆ. ಗಟ್ಟಿಯಾದ ಪದರ ಅದರ ಜೊತೆ ಬಾಗಲಾರದೆ ಬಿರುಕು ಬಿಡುತ್ತದೆ.

ಹಂತ 5: ಶುಚಿ. ದೂಳನ್ನು ಝಾಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ತುಂಡಿನಿಂದ ಪ್ರತಿಯೊಂದು ಉಗುರನ್ನೂ, ಅದರ ತುದಿಯ ಅಂಚನ್ನೂ ಒರೆಸಬೇಕು. ಇದಾದ ನಂತರ ಗ್ರಾಹಕರು ಕೂದಲನ್ನಾಗಲಿ, ಮುಖವನ್ನಾಗಲಿ, ಮೊಬೈಲ್‌ಅನ್ನಾಗಲಿ ಮುಟ್ಟಬಾರದು. ಮುಟ್ಟಿದರೆ ಮತ್ತೆ ಒರೆಸಬೇಕು.

ಹಂತ 6: ಬೇಸ್ ಕೋಟ್. ಬ್ರಷ್‌ನ ಒಂದು ಬದಿಯನ್ನು ಬಾಟಲಿಯ ಬಾಯಿಗೆ ಒರೆಸಿ, ಸ್ವಲ್ಪವೇ ತೆಗೆದುಕೊಂಡು, ಉಗುರಿಗೆ ಉಜ್ಜಿದಂತೆ ಅತಿ ತೆಳುವಾಗಿ ಹಚ್ಚಬೇಕು. ಚರ್ಮದಿಂದ ಕೂದಲೆಳೆಯಷ್ಟು ಅಂತರ ಬಿಡಬೇಕು. ಉಗುರಿನ ತುದಿಯ ಅಂಚಿನ ಮೇಲೂ ಬ್ರಷ್ ಎಳೆದು ಮುಚ್ಚಬೇಕು. ತಯಾರಕರು ನಮೂದಿಸಿದಷ್ಟು ಸಮಯ ಕ್ಯೂರ್ ಮಾಡಬೇಕು.

ಹಂತ 7: ಬಣ್ಣ. ಎರಡು ತೆಳು ಪದರಗಳನ್ನು ಹಚ್ಚಿ, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಕ್ಯೂರ್ ಮಾಡಬೇಕು. ಮೊದಲ ಪದರದಲ್ಲಿ ಅಲ್ಲಲ್ಲಿ ಉಗುರು ಕಂಡರೆ ಗಾಬರಿಯಾಗಬೇಕಿಲ್ಲ. ಎರಡನೆಯದರಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಹೊಸಬರು ಒಂದೇ ಪದರದಲ್ಲಿ ಪೂರ್ಣ ಬಣ್ಣ ತರಲು ಹೊರಡುವುದೇ ಸುಕ್ಕು, ಗುಳ್ಳೆ ಹಾಗೂ ಹರಿಯುವಿಕೆಗೆ ಕಾರಣವಾಗುತ್ತದೆ. ಚರ್ಮಕ್ಕೆ ತಾಗಿದ ಜೆಲ್‌ಅನ್ನು ದೀಪದಲ್ಲಿಡುವ ಮೊದಲೇ ಆಲ್ಕೊಹಾಲ್‌ನಲ್ಲಿ ಅದ್ದಿದ ಸಣ್ಣ ಬ್ರಷ್‌ನಿಂದ ತೆಗೆಯಬೇಕು.

ಹಂತ 8: ಟಾಪ್ ಕೋಟ್. ತುದಿಯ ಅಂಚನ್ನು ಮತ್ತೊಮ್ಮೆ ಮುಚ್ಚುವಂತೆ ಹಚ್ಚಿ, ಪೂರ್ಣ ಸಮಯ ಕ್ಯೂರ್ ಮಾಡಬೇಕು. ನಂತರ ಒಂದು ನಿಮಿಷ ತಣಿಯಲು ಬಿಟ್ಟು ಅಂಟು ಪದರವನ್ನು ಒರೆಸಬೇಕು. ಕೊನೆಯಲ್ಲಿ ಮಾತ್ರ ಉಗುರಿನ ಸುತ್ತ ಎಣ್ಣೆ ಹಚ್ಚಬೇಕು. ಇದಕ್ಕೆ ಕೊಬ್ಬರಿ ಎಣ್ಣೆಯೂ ಆಗುತ್ತದೆ. ಲೇಪನದ ಮೊದಲು ಕೇಡು ಮಾಡುವ ಎಣ್ಣೆ, ಲೇಪನದ ನಂತರ ಉಗುರು ಮತ್ತು ಚರ್ಮ ಒಣಗದಂತೆ ಕಾಪಾಡುತ್ತದೆ.

5. ಸಮಯ ಉಳಿತಾಯ

ಒಂದು ಗಂಟೆಯಲ್ಲಿ ಎರಡೂ ಕೈಗಳನ್ನು ಮುಗಿಸುವುದನ್ನು ಮೊದಲ ಗುರಿಯಾಗಿ ಇಟ್ಟುಕೊಳ್ಳಬಹುದು. ಆ ಅರವತ್ತು ನಿಮಿಷಗಳ ಮಾದರಿ ಹಂಚಿಕೆ ಹೀಗಿದೆ:

- ಉಗುರು ಪರೀಕ್ಷೆ, ಕೈ ತೊಳೆತ: 5 ನಿಮಿಷ
- ಆಕಾರ, ಕ್ಯುಟಿಕಲ್, ಬಫಿಂಗ್, ಶುಚಿ: 20 ನಿಮಿಷ
- ಬೇಸ್ ಕೋಟ್: 6 ನಿಮಿಷ
- ಬಣ್ಣದ ಎರಡು ಪದರ: 16 ನಿಮಿಷ
- ಟಾಪ್ ಕೋಟ್: 6 ನಿಮಿಷ
- ಒರೆಸುವುದು, ಎಣ್ಣೆ, ಗ್ರಾಹಕರಿಗೆ ಸೂಚನೆ: 7 ನಿಮಿಷ

ಪೂರ್ವಸಿದ್ಧತೆಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಮಯ ಮೀಸಲಿರುವುದನ್ನು ಗಮನಿಸಬೇಕು. ವೇಗ ಹೆಚ್ಚಿಸುವಾಗ ಈ ಭಾಗವನ್ನು ಕಡಿತಗೊಳಿಸಬಾರದು. ಕಡಿತಗೊಳಿಸಬೇಕಾದುದು ಕಾಯುವ ಸಮಯವನ್ನು.

ಕಾಯುವ ಸಮಯದ ಲೆಕ್ಕ ಇಂತಿದೆ. ಪ್ರತಿ ಪದರಕ್ಕೆ 60 ಸೆಕೆಂಡು ಬೇಕಾದ ದೀಪವಿದೆಯೆಂದು ಇಟ್ಟುಕೊಳ್ಳೋಣ. ಬಲಗೈಯ ನಾಲ್ಕು ಬೆರಳು, ಎಡಗೈಯ ನಾಲ್ಕು ಬೆರಳು, ಎರಡು ಹೆಬ್ಬೆರಳು ಎಂದು ಮೂರು ಸರದಿಗಳು, ಪದರಗಳು ನಾಲ್ಕು. ಅಂದರೆ ದೀಪದ ಒಟ್ಟು ಸಮಯ 12 ನಿಮಿಷ. ಪ್ರತಿ ಸಲವೂ ಸುಮ್ಮನೆ ಕಾದರೆ ಈ 12 ನಿಮಿಷವೂ ವ್ಯರ್ಥ. ಅದರ ಬದಲು ಬಲಗೈ ದೀಪದಲ್ಲಿರುವಾಗ ಎಡಗೈಯ ನಾಲ್ಕು ಬೆರಳಿಗೆ ಹಚ್ಚಬೇಕು; ಎಡಗೈ ದೀಪಕ್ಕೆ ಹೋದಾಗ ಬಲಗೈಗೆ ಮುಂದಿನ ಪದರ ಹಚ್ಚಬೇಕು. ಹೀಗೆ ಎಂಟು ಬೆರಳುಗಳ ನಾಲ್ಕೂ ಪದರಗಳನ್ನು ಮುಗಿಸಿ, ಕೊನೆಯಲ್ಲಿ ಎರಡೂ ಹೆಬ್ಬೆರಳುಗಳನ್ನು ಮತ್ತೊಮ್ಮೆ ಆಲ್ಕೊಹಾಲ್‌ನಿಂದ ಒರೆಸಿ ಒಟ್ಟಿಗೆ ಮಾಡಬೇಕು. ಆಗ ನಿಜವಾಗಿ ಕಾಯಬೇಕಾದುದು ಹೆಬ್ಬೆರಳುಗಳ ಸುಮಾರು 4 ನಿಮಿಷ ಮಾತ್ರ. ಉಳಿದ ಸುಮಾರು 8 ನಿಮಿಷ ಕೆಲಸದೊಳಗೇ ಸೇರಿಹೋಗುತ್ತದೆ.

ಹೆಬ್ಬೆರಳನ್ನು ಪ್ರತ್ಯೇಕವಾಗಿ ಮಾಡಲು ಇನ್ನೊಂದು ಕಾರಣವಿದೆ. ನಾಲ್ಕು ಬೆರಳುಗಳನ್ನು ಚಪ್ಪಟೆಯಾಗಿ ಇಟ್ಟಾಗ ಹೆಬ್ಬೆರಳು ಓರೆಯಾಗುತ್ತದೆ. ಓರೆಯಾದ ಉಗುರಿಗೆ ಬೆಳಕು ಸಮನಾಗಿ ಬೀಳದೆ ಒಂದು ಪಕ್ಕ ಹಸಿಯಾಗಿಯೇ ಉಳಿಯುತ್ತದೆ. ಜೆಲ್ ಆ ಪಕ್ಕಕ್ಕೆ ಹರಿಯುವುದೂ ಉಂಟು.

ಇತರ ಉಪಾಯಗಳು:

- ಕೆಲಸ ಆರಂಭಿಸುವ ಮೊದಲು ಎಲ್ಲ ಸಾಮಗ್ರಿಯನ್ನು ಬಳಸುವ ಕ್ರಮದಲ್ಲಿಯೇ ಮೇಜಿನ ಮೇಲೆ ಜೋಡಿಸಿಡುವುದು.
- ಒಂದು ಹಂತವನ್ನು ಹತ್ತೂ ಬೆರಳುಗಳಿಗೆ ಮುಗಿಸಿ ನಂತರ ಮುಂದಿನ ಸಾಧನವನ್ನು ಕೈಗೆತ್ತಿಕೊಳ್ಳುವುದು.
- ಪ್ರತಿ ಉಗುರಿಗೆ ಮೂರು ಎಳೆತ ಎಂದು ರೂಢಿ ಮಾಡಿಕೊಳ್ಳುವುದು: ನಡುವೆ ಒಂದು, ಎಡಕ್ಕೆ ಒಂದು, ಬಲಕ್ಕೆ ಒಂದು, ಕೊನೆಗೆ ಅಂಚು.
- ಬಣ್ಣದ ಆಯ್ಕೆಯನ್ನು ಗ್ರಾಹಕರು ಕುಳಿತ ಕೂಡಲೇ ಕೇಳಿಕೊಳ್ಳುವುದು.
- ಕಿರುಬೆರಳಿನಿಂದ ಆರಂಭಿಸಿ ತೋರುಬೆರಳಿನತ್ತ ಸಾಗುವುದು, ಇದರಿಂದ ಹಚ್ಚಿದ ಉಗುರಿಗೆ ಕೈ ತಾಗುವುದಿಲ್ಲ.

ಗ್ರಾಹಕರ ಮೇಲೆ ಪ್ರಯೋಗಿಸುವ ಮೊದಲು ಕೃತಕ ಉಗುರಿನ ತುದಿಗಳ ಮೇಲೆ ದಿನಕ್ಕೆ ಹತ್ತರಂತೆ ಅಭ್ಯಾಸ ಮಾಡುವುದು ಅಪೇಕ್ಷಣೀಯ. ಗಡಿಯಾರ ನೋಡಿ ಪ್ರತಿ ಹಂತಕ್ಕೆ ಹಿಡಿದ ಸಮಯವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಬೇಕು. ಎಲ್ಲಿ ಸಮಯ ಹೋಗುತ್ತಿದೆ ಎಂಬುದು ಒಂದೇ ವಾರದಲ್ಲಿ ತಿಳಿಯುತ್ತದೆ.

6. ಆರೋಗ್ಯ ಮತ್ತು ಸುರಕ್ಷತೆ: ವಿಶೇಷ ಗಮನಕ್ಕೆ

ಗಟ್ಟಿಯಾಗದ ಜೆಲ್ ಪದೇ ಪದೇ ಚರ್ಮಕ್ಕೆ ತಾಗಿದರೆ ಅಕ್ರಿಲೇಟ್ ಅಲರ್ಜಿ ಉಂಟಾಗಬಹುದು. ಬೆರಳ ತುದಿಗಳಲ್ಲಿ ತುರಿಕೆ, ಕೆಂಪಾಗುವಿಕೆ, ಗುಳ್ಳೆ, ಚರ್ಮ ಒಡೆಯುವುದು, ಉಗುರು ಬುಡದಿಂದ ಬಿಟ್ಟುಕೊಳ್ಳುವುದು ಇದರ ಲಕ್ಷಣಗಳು. ಕೈಯಿಂದ ಮುಟ್ಟಿಕೊಳ್ಳುವುದರಿಂದ ಕಣ್ಣಿನ ರೆಪ್ಪೆ, ಮುಖ ಹಾಗೂ ಕುತ್ತಿಗೆಯಲ್ಲಿಯೂ ದದ್ದು ಕಾಣಿಸಬಹುದು. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಇದೇ ವರ್ಗದ ವಸ್ತುಗಳನ್ನು ಹಲ್ಲಿನ ಫಿಲ್ಲಿಂಗ್‌ನಲ್ಲಿ ಹಾಗೂ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯ ಮೂಳೆ ಸಿಮೆಂಟ್‌ನಲ್ಲಿಯೂ ಬಳಸಲಾಗುತ್ತದೆ. ಆದುದರಿಂದ ಉಗುರಿನ ಅಂದಕ್ಕಾಗಿ ಇಂದು ತಂದುಕೊಂಡ ಅಲರ್ಜಿಯು ಮುಂದೊಂದು ದಿನ ಚಿಕಿತ್ಸೆಗೆ ಅಡ್ಡಿಯಾಗಬಹುದು.

ಬ್ರಿಟನ್ನಿನ ಚರ್ಮರೋಗ ತಜ್ಞರ ಸಂಘವು 2018ರಲ್ಲಿ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆ ನೀಡಿತು. ಮನೆಯಲ್ಲಿ ತಾವೇ ಹಚ್ಚಿಕೊಳ್ಳುವ ಕಿಟ್‌ಗಳ ಬಗ್ಗೆ ವಿಶೇಷ ಎಚ್ಚರ ವಹಿಸುವಂತೆ ಅದು ಸೂಚಿಸಿತ್ತು. ಹಿಮಾ ಎಂದು ಕರೆಯಲಾಗುವ ಮೆಥಾಕ್ರಿಲೇಟ್ ಇರುವ ಉಗುರು ಉತ್ಪನ್ನಗಳನ್ನು ಯೂರೋಪಿಯನ್ ಒಕ್ಕೂಟವು ವೃತ್ತಿನಿರತರ ಬಳಕೆಗೆ ಸೀಮಿತಗೊಳಿಸಿದೆ. ಟಿ.ಪಿ.ಓ. ಎಂಬ ಪ್ರಚೋದಕ ವಸ್ತುವನ್ನು ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಲಾಗಿದೆ. ಖರೀದಿಸುವಾಗ ಲೇಬಲ್‌ನಲ್ಲಿರುವ ವಸ್ತುಗಳ ಪಟ್ಟಿಯನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಈ ಎರಡೂ ಇಲ್ಲದ ಜೆಲ್‌ಗಳು ದೊರೆಯುತ್ತವೆ. ಆದರೆ ಅವುಗಳಲ್ಲಿಯೂ ಇತರ ಅಕ್ರಿಲೇಟ್‌ಗಳಿರುವುದರಿಂದ ಚರ್ಮಕ್ಕೆ ತಾಗಿಸದಿರುವ ನಿಯಮ ಎಲ್ಲದಕ್ಕೂ ಅನ್ವಯಿಸುತ್ತದೆ.

ಅಪಾಯವು ಗ್ರಾಹಕರಿಗಿಂತ ದಿನವೂ ಈ ಕೆಲಸ ಮಾಡುವವರಿಗೇ ಹೆಚ್ಚು. ಅಲರ್ಜಿ ಬಂದ ಬ್ಯೂಟಿಷಿಯನ್ ಈ ಸೇವೆಯನ್ನೇ ಕೈಬಿಡಬೇಕಾದ ಸಂದರ್ಭ ಬರಬಹುದು. ಆದುದರಿಂದ ಕೆಳಕಂಡ ಎಚ್ಚರಿಕೆಗಳನ್ನು ಪಾಲಿಸತಕ್ಕದ್ದು:

(1) ನೈಟ್ರೈಲ್ ಕೈಗವಸು ಧರಿಸಬೇಕು. ಅದೂ ಹೆಚ್ಚು ಹೊತ್ತು ಜೆಲ್‌ಅನ್ನು ತಡೆಯುವುದಿಲ್ಲ. ಜೆಲ್ ತಾಗಿದ ಕೂಡಲೇ ಬದಲಿಸಬೇಕು.

(2) ಬ್ರಷ್ ಹಿಡಿ, ಬಾಟಲಿಯ ಕತ್ತು, ದೀಪದ ಒಳಭಾಗ ಮತ್ತು ಮೇಜನ್ನು ಪ್ರತಿ ಗ್ರಾಹಕರ ನಂತರ ಒರೆಸಬೇಕು.

(3) ಅಂಟು ಪದರ ಒರೆಸಿದ ತುಂಡನ್ನು ಬರಿಗೈಯಲ್ಲಿ ಮುಟ್ಟಬಾರದು. ಒಂದೇ ತುಂಡಿನಿಂದ ಹತ್ತೂ ಬೆರಳನ್ನು ಒರೆಸಬಾರದು.

(4) ಕ್ಯೂರ್ ಸಮಯವನ್ನು ಯಾವುದೇ ಕಾರಣಕ್ಕೂ ಕಡಿಮೆ ಮಾಡಬಾರದು. ಬ್ಯಾಟರಿ ದೀಪದ ಚಾರ್ಜ್ ಇಳಿದಾಗ ಬೆಳಕಿನ ತೀವ್ರತೆ ಇಳಿಯಬಹುದು. ವಿದ್ಯುತ್ ನಡುವೆ ಹೋಗಿ ಬಂದರೆ ಆ ಸರದಿಯ ಸಮಯವನ್ನು ಮೊದಲಿನಿಂದ ಎಣಿಸಬೇಕು.

(5) ಜೆಲ್ ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ. ಗ್ರಾಹಕರು ಉರಿ ಎಂದರೆ ಕೈಯನ್ನು ಕೂಡಲೇ ಹೊರತೆಗೆಯಲು ಹೇಳಿ, ಕೆಲವು ಕ್ಷಣಗಳ ನಂತರ ಮತ್ತೆ ಇಡಿಸಬೇಕು. ಪದರ ದಪ್ಪನಾಗಿದೆ ಎಂಬುದಕ್ಕೆ ಇದು ಸೂಚನೆ.

(6) ಅಸಿಟೋನ್ ಮತ್ತು ಆಲ್ಕೊಹಾಲ್ ಬಲುಬೇಗ ಬೆಂಕಿ ಹತ್ತಿಕೊಳ್ಳುವ ದ್ರವಗಳು. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಹಾಗೂ ವ್ಯಾಕ್ಸ್ ಕಾಯಿಸುವ ಹೀಟರ್‌ನಿಂದ ದೂರವಿಡಬೇಕು. ಕಿಟಕಿ ತೆರೆದು ಗಾಳಿಯಾಡುವಂತೆ ನೋಡಿಕೊಳ್ಳಬೇಕು.

(7) ಪುಷರ್ ಮುಂತಾದ ಲೋಹದ ಸಾಧನಗಳನ್ನು ಪ್ರತಿ ಬಳಕೆಯ ನಂತರ ಸಾಬೂನಿನಿಂದ ತೊಳೆದು, ಸೋಂಕುನಿವಾರಕದಲ್ಲಿ ಶುದ್ಧೀಕರಿಸಬೇಕು. ಫೈಲ್ ಮತ್ತು ಬಫರ್‌ಅನ್ನು ಒಬ್ಬ ಗ್ರಾಹಕರಿಂದ ಇನ್ನೊಬ್ಬರಿಗೆ ಬಳಸಬಾರದು.

ದೀಪದ ಕಿರಣಗಳ ಕುರಿತು: ಎಲ್.ಇ.ಡಿ. ಎಂದ ಮಾತ್ರಕ್ಕೆ ಅತಿನೇರಳೆ ಕಿರಣವಿಲ್ಲ ಎಂದಲ್ಲ. 2023ರ ಜನವರಿಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗಾಲಯದ ಜೀವಕೋಶಗಳ ಮೇಲೆ ಇಂತಹ ದೀಪವನ್ನು ಪ್ರಯೋಗಿಸಿದಾಗ, 20 ನಿಮಿಷಗಳ ಒಂದು ಸರದಿಯಲ್ಲಿ ಶೇಕಡ 20ರಿಂದ 30ರಷ್ಟು ಜೀವಕೋಶಗಳು ಸತ್ತವು ಹಾಗೂ ಉಳಿದವುಗಳ ಡಿ.ಎನ್.ಎ.ಯಲ್ಲಿ ಹಾನಿ ಕಂಡುಬಂದಿತು. ಇದು ತಟ್ಟೆಯಲ್ಲಿನ ಜೀವಕೋಶಗಳ ಮೇಲೆ ನಡೆದ ಪ್ರಯೋಗ. ದೀಪ ಬಳಸಿದವರಿಗೆ ಕ್ಯಾನ್ಸರ್ ಬರುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಮುನ್ನೆಚ್ಚರಿಕೆಯಾಗಿ ಬೆರಳ ತುದಿ ಕತ್ತರಿಸಿದ ಗಾಢ ಬಣ್ಣದ ಕೈಗವಸನ್ನು ಗ್ರಾಹಕರಿಗೆ ತೊಡಿಸುವುದು ಸುಲಭ ಮತ್ತು ಅಗ್ಗದ ಉಪಾಯ. ಸನ್‌ಸ್ಕ್ರೀನ್ ಹಚ್ಚುವುದಾದರೆ ಅದರ ಜಿಡ್ಡು ಉಗುರಿಗೆ ತಾಗದಂತೆ ಎಚ್ಚರ ವಹಿಸಬೇಕು.

7. ಬಾಳಿಕೆ: ದೋಷ ಮತ್ತು ಅದರ ಕಾರಣ

ಸರಿಯಾಗಿ ಹಚ್ಚಿದ ಜೆಲ್ ಪಾಲಿಶ್ ಸಾಮಾನ್ಯವಾಗಿ ಎರಡು ವಾರ ಬಾಳುತ್ತದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಎರಡು ವಾರಗಳಲ್ಲಿ ಬುಡದಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಅಂತರ ಕಾಣಿಸುವುದು ಸಹಜ, ಅದು ದೋಷವಲ್ಲ. ಅದಕ್ಕೂ ಮೊದಲೇ ಪಾಲಿಶ್ ಎದ್ದರೆ, ಎಲ್ಲಿ ಎದ್ದಿತು ಎಂಬುದೇ ಕಾರಣವನ್ನು ತಿಳಿಸುತ್ತದೆ.

- ತುದಿಯಲ್ಲಿ ಚಕ್ಕೆ ಎದ್ದರೆ: ಅಂಚನ್ನು ಮುಚ್ಚಿಲ್ಲ, ಅಥವಾ ಉಗುರನ್ನು ಡಬ್ಬಿ ತೆರೆಯುವಂತಹ ಕೆಲಸಕ್ಕೆ ಬಳಸಲಾಗಿದೆ.
- ಬುಡದಲ್ಲಿ ಎದ್ದರೆ: ಸತ್ತ ಚರ್ಮ ಉಳಿದಿದೆ, ಅಥವಾ ಜೆಲ್ ಚರ್ಮಕ್ಕೆ ತಾಗಿದೆ.
- ಪಕ್ಕಗಳಲ್ಲಿ ಎದ್ದರೆ: ಪಕ್ಕಗಳನ್ನು ಬಫ್ ಮಾಡಿಲ್ಲ ಅಥವಾ ಒರೆಸಿಲ್ಲ.
- ಇಡೀ ಪದರ ಸಿಪ್ಪೆಯಂತೆ ಬಂದರೆ: ಉಗುರಿನಲ್ಲಿ ಜಿಡ್ಡು ಅಥವಾ ತೇವವಿತ್ತು.
- ಹೆಬ್ಬೆರಳುಗಳು ಮಾತ್ರ ಕೆಟ್ಟರೆ: ದೀಪದಲ್ಲಿ ಓರೆಯಾಗಿ ಇಡಲಾಗಿದೆ.
- ಸುಕ್ಕುಗಟ್ಟಿದರೆ: ಪದರ ದಪ್ಪವಾಗಿದೆ.
- ಹೊಳಪು ಮಂಕಾದರೆ: ಟಾಪ್ ಕೋಟ್ ಪೂರ್ಣ ಕ್ಯೂರ್ ಆಗಿಲ್ಲ, ಅಥವಾ ಬಿಸಿ ಇರುವಾಗಲೇ ಒರೆಸಲಾಗಿದೆ.

ಗ್ರಾಹಕರು ಮರಳಿ ಬಂದಾಗ ಯಾವ ಬೆರಳು, ಎಷ್ಟನೆಯ ದಿನ, ಯಾವ ಭಾಗ ಎಂಬ ಮೂರು ವಿವರಗಳನ್ನು ಬರೆದಿಟ್ಟುಕೊಳ್ಳಬೇಕು. ಹತ್ತು ಗ್ರಾಹಕರ ದಾಖಲೆಯನ್ನು ಒಟ್ಟಿಗೆ ನೋಡಿದರೆ ತಮ್ಮ ಕೆಲಸದಲ್ಲಿ ತಿದ್ದಿಕೊಳ್ಳಬೇಕಾದ ಹಂತ ಯಾವುದೆಂದು ಯಾರೂ ಹೇಳದೆಯೇ ತಿಳಿಯುತ್ತದೆ.

ಗ್ರಾಹಕರಿಗೆ ನೀಡಬೇಕಾದ ಸೂಚನೆ: ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ರಬ್ಬರ್ ಕೈಗವಸು ಧರಿಸಬೇಕು. ಎದ್ದ ಅಂಚನ್ನು ಹಲ್ಲಿನಿಂದಾಗಲಿ ಉಗುರಿನಿಂದಾಗಲಿ ಕೀಳಬಾರದು. ಕಿತ್ತರೆ ಉಗುರಿನ ಮೇಲ್ಪದರವೂ ಜೊತೆಗೇ ಬರುತ್ತದೆ. ಕೈ ಉಗುರು ಬುಡದಿಂದ ತುದಿಯವರೆಗೆ ಹೊಸದಾಗಿ ಬೆಳೆಯಲು ಸುಮಾರು ಆರು ತಿಂಗಳು ಬೇಕು.

8. ತೆಗೆಯುವ ವಿಧಾನ

ಟಾಪ್ ಕೋಟ್‌ನ ಹೊಳಪನ್ನು ಫೈಲ್‌ನಿಂದ ತೆಗೆದು, ಅಸಿಟೋನ್‌ನಲ್ಲಿ ನೆನೆಸಿದ ಹತ್ತಿಯನ್ನು ಉಗುರಿನ ಮೇಲಿಟ್ಟು ಫಾಯಿಲ್ ಸುತ್ತಿ, 10ರಿಂದ 15 ನಿಮಿಷ ಬಿಡಬೇಕು. ಸುತ್ತಲಿನ ಚರ್ಮಕ್ಕೆ ಮೊದಲೇ ಸ್ವಲ್ಪ ವ್ಯಾಸಲೀನ್ ಹಚ್ಚಬಹುದು. ಮೆತ್ತಗಾದ ಜೆಲ್‌ಅನ್ನು ಮರದ ಕಡ್ಡಿಯಿಂದ ಮೆಲ್ಲಗೆ ಸರಿಸಬೇಕು. ಬರದಿದ್ದರೆ ಮತ್ತೆ ಐದು ನಿಮಿಷ ಸುತ್ತಬೇಕೇ ಹೊರತು ಕೆರೆಯಬಾರದು. ಇಲ್ಲಿ ಉಳಿಸಿದ ಐದು ನಿಮಿಷ ಮುಂದಿನ ಲೇಪನದ ಬಾಳಿಕೆಯನ್ನು ಕಳೆಯುತ್ತದೆ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಂದು ಜೆಲ್‌ಅನ್ನು ಬೇರೆ ಕಂಪನಿಯ ದೀಪದಲ್ಲಿ ಕ್ಯೂರ್ ಮಾಡಬಹುದೇ?
ಉತ್ತರ: ಜೆಲ್ ತಯಾರಕರು ಆ ದೀಪ ಸೂಕ್ತವೆಂದು ತಿಳಿಸಿದ್ದರೆ ಮಾತ್ರ. ಹೊರಗೆ ಗಟ್ಟಿಯಾಗಿ ಕಾಣುವುದು ಪೂರ್ಣ ಕ್ಯೂರ್ ಆದುದಕ್ಕೆ ಸಾಕ್ಷಿಯಲ್ಲ.

ಪ್ರಶ್ನೆ: ಶಸ್ತ್ರಚಿಕಿತ್ಸೆ ಅಥವಾ ಹೆರಿಗೆ ದಿನಾಂಕ ಹತ್ತಿರವಿರುವವರಿಗೆ ಹಚ್ಚಬಹುದೇ?
ಉತ್ತರ: ಬೆರಳಿಗೆ ಹಾಕುವ ಆಮ್ಲಜನಕ ಮಾಪಕದ ಓದಿಗೆ ಪಾಲಿಶ್ ಅಡ್ಡಿಯಾಗಬಹುದಾದ್ದರಿಂದ ಆಸ್ಪತ್ರೆಗಳು ಅದನ್ನು ತೆಗೆಸುವುದುಂಟು. ಜೆಲ್‌ಅನ್ನು ತುರ್ತಾಗಿ ತೆಗೆಯುವುದು ಕಷ್ಟ. ಇದನ್ನು ಮೊದಲೇ ತಿಳಿಸಿ, ಆ ಅವಧಿಯಲ್ಲಿ ಹಚ್ಚದಿರುವುದು ಲೇಸು.

ಪ್ರಶ್ನೆ: ಉದ್ಯೋಗಕ್ಕಾಗಿ ಕೊಂಡ ದೀಪ ದೋಷಯುಕ್ತವಾಗಿದ್ದರೆ ಗ್ರಾಹಕಳಾಗಿ ದೂರು ನೀಡಬಹುದೇ?
ಉತ್ತರ: ನೀಡಬಹುದು. ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವ ಸರಕು ವಾಣಿಜ್ಯ ಉದ್ದೇಶದ್ದೆಂದು ಪರಿಗಣಿತವಾಗುವುದಿಲ್ಲ. ರಸೀದಿ ಅಗತ್ಯ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಪ್ರಶ್ನೆ: ಅಲರ್ಜಿಯ ಅನುಮಾನ ಬಂದರೆ ಏನು ಮಾಡಬೇಕು?
ಉತ್ತರ: ಜೆಲ್ ಬಳಕೆಯನ್ನು ಕೂಡಲೇ ನಿಲ್ಲಿಸಿ ಚರ್ಮರೋಗ ತಜ್ಞರನ್ನು ಕಾಣಬೇಕು. ಪ್ಯಾಚ್ ಟೆಸ್ಟ್ ಮೂಲಕ ಖಚಿತಪಡಿಸಿಕೊಳ್ಳಬಹುದು. ಖಚಿತವಾದಲ್ಲಿ ದಂತವೈದ್ಯರಿಗೂ ಶಸ್ತ್ರಚಿಕಿತ್ಸಕರಿಗೂ ತಪ್ಪದೆ ತಿಳಿಸಬೇಕು.

10. ಅರ್ಜಿದಾರರಿಗೆ ಸೂಚನೆಗಳು

ತರಬೇತಿ: 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುತ್ತಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಬ್ಯೂಟಿ ಪಾರ್ಲರ್ ನಿರ್ವಹಣೆಯ ಉಚಿತ ತರಬೇತಿ ನೀಡಲಾಗುತ್ತದೆ. ಜೆಲ್ ಪಾಲಿಶ್ ವಿಷಯವು ಪಠ್ಯದಲ್ಲಿ ಸೇರಿದೆಯೇ, ಎಷ್ಟು ಗಂಟೆಗಳ ಪ್ರಾಯೋಗಿಕ ಅಭ್ಯಾಸವಿದೆ ಎಂಬುದನ್ನು ಸೇರುವ ಮೊದಲು ವಿಚಾರಿಸಿಕೊಳ್ಳಬೇಕು.

ಸಾಲ: 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯ 'ಶಿಶು' ವರ್ಗದಲ್ಲಿ ರೂ. 50,000ದವರೆಗೆ ಅಡಮಾನವಿಲ್ಲದೆ ಸಾಲ ಕೋರಬಹುದು. ಸಾಮಗ್ರಿಗಳ ದರಪಟ್ಟಿ ಸಿದ್ಧಪಡಿಸುವಾಗ ದೀಪ ಮತ್ತು ಜೆಲ್ ಜೊತೆಗೆ ಕೈಗವಸು, ಒರೆಸುವ ತುಂಡು, ಸೋಂಕುನಿವಾರಕಗಳ ಮಾಸಿಕ ಖರ್ಚನ್ನೂ ಸೇರಿಸಬೇಕು. ಹಲವರು ಇದನ್ನು ಬಿಡುವುದರಿಂದ ನಂತರ ಸುರಕ್ಷತೆಯಲ್ಲಿಯೇ ಉಳಿತಾಯ ಮಾಡುವ ಪರಿಸ್ಥಿತಿ ಬರುತ್ತದೆ.

ನೋಂದಣಿ: ಉದ್ಯಮ್ ನೋಂದಣಿಯು ಸರ್ಕಾರಿ ಪೋರ್ಟಲ್‌ನಲ್ಲಿ ಸಂಪೂರ್ಣ ಉಚಿತ, ಮಧ್ಯವರ್ತಿಗಳಿಗೆ ಹಣ ನೀಡಬಾರದು. ಸ್ಥಳೀಯ ಸಂಸ್ಥೆಯಿಂದ ಉದ್ದಿಮೆ ಪರವಾನಗಿ ಹಾಗೂ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ ಅಡಿ ನೋಂದಣಿ ತಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಸಂಬಂಧಪಟ್ಟ ಕಚೇರಿಯಲ್ಲಿ ತಿಳಿದುಕೊಳ್ಳಬೇಕು.

ಮೇಲ್ಕಂಡ ಕ್ರಮಗಳಲ್ಲಿ ಹೆಚ್ಚಿನವುಗಳಿಗೆ ಹೆಚ್ಚುವರಿ ಹಣ ಬೇಕಿಲ್ಲ. ಗಮನ ಮತ್ತು ಅಭ್ಯಾಸ ಬೇಕು. ತೆಳು ಪದರ, ಶುಚಿಯಾದ ಉಗುರು, ಪೂರ್ಣ ಕ್ಯೂರ್ ಮತ್ತು ಚರ್ಮಕ್ಕೆ ತಾಗದ ಜೆಲ್ ಎಂಬ ನಾಲ್ಕು ಅಂಶಗಳನ್ನು ರೂಢಿಸಿಕೊಂಡವರಿಗೆ ವೇಗವು ಕಾಲಕ್ರಮದಲ್ಲಿ ತಾನಾಗಿ ಬರುತ್ತದೆ. ಅರ್ಜಿದಾರರು ಈ ಮಾಹಿತಿಯನ್ನು ಮುದ್ರಿಸಿಕೊಂಡು ಕೆಲಸದ ಮೇಜಿನ ಬಳಿ ಇರಿಸಿಕೊಳ್ಳಬಹುದಾಗಿದೆ.